ಸೆರೆಸಿಕ್ಕ ಸಿಪಾಯಿಯನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: 1942ರಲ್ಲಿ ಸಿಂಗಪುರದಲ್ಲಿ ಜಪಾನೀಯರ ಸೆರೆಯಾದ ಮೈಸೂರು ಸಂಸ್ಥಾನದ ಪದಾತಿ ದಳದ ಸೈನಿಕರ ಹೆಸರುಗಳನ್ನು ದಾಖಲಿಸುವ ಕುರಿತು.

ಮಾನ್ಯರೇ,

ನಾನು ಶಿರಾ ತಾಲ್ಲೂಕಿನ ಒಂದು ಹಳ್ಳಿಯವನು. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಚರಿತ್ರೆ, ಭೂಗೋಳ ಕಲಿಸಿ ನಿವೃತ್ತನಾಗಿದ್ದೇನೆ. ನನಗೀಗ ಎಪ್ಪತ್ತೈದು. ನನ್ನ ತಂದೆ ಮೈಸೂರು ಮಹಾರಾಜರ ಸೈನ್ಯದ ಒಂದನೇ ಪದಾತಿ ದಳದಲ್ಲಿ ಸಿಪಾಯಿಯಾಗಿದ್ದರು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಸೆರೆಸಿಕ್ಕರು. ಮೂರೂವರೆ ವರ್ಷ ಯುದ್ಧಕೈದಿಯಾಗಿದ್ದು, ಬದುಕಿ ಊರಿಗೆ ಬಂದರು. 1986ರಲ್ಲಿ ತೀರಿಕೊಂಡರು. ಅವರ ಪರವಾಗಿಯೂ ಅವರ ಜೊತೆಗಿದ್ದು ಹಿಂದಿರುಗದವರ ಪರವಾಗಿಯೂ ಈ ಪತ್ರ ಬರೆಯುತ್ತಿದ್ದೇನೆ.

ಇದನ್ನು ಬರೆಯಲು ಕಾರಣವಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಾಯಿ ಬದುಕಿದ್ದಾಗ, ಎರಡನೇ ಮಹಾಯುದ್ಧದ ಸೈನಿಕರ ವಿಧವೆಯರಿಗೆ ಸಿಗುವ ಸಹಾಯಧನಕ್ಕಾಗಿ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿನ ಅಧಿಕಾರಿ ಒರಟರಾಗಿರಲಿಲ್ಲ. ಕುರ್ಚಿ ಕೊಟ್ಟು ಕೂರಿಸಿ, ಅರ್ಜಿಯನ್ನು ನನ್ನ ಕಡೆ ತಿರುಗಿಸಿ ಒಂದೊಂದಾಗಿ ಕೇಳಿದರು. “ಯುದ್ಧದಲ್ಲಿ ಸತ್ತರೇ?” ಇಲ್ಲ ಎಂದೆ. “ಹಾಗಾದರೆ ಹುತಾತ್ಮರಲ್ಲ. ನೇತಾಜಿಯವರ ಸೈನ್ಯ ಸೇರಿದ್ದರೇ?” ಇಲ್ಲ. “ಹಾಗಾದರೆ ಸ್ವಾತಂತ್ರ್ಯ ಹೋರಾಟಗಾರರೂ ಅಲ್ಲ. ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿದ್ದರೇ?” ಅಲ್ಲ, ಮಹಾರಾಜರ ಸೈನ್ಯ ಎಂದೆ. ಅವರು ಪೆನ್ನನ್ನು ಕೆಳಗಿಟ್ಟು, “ಮೇಷ್ಟ್ರೇ, ನೀವೇ ಹೇಳಿ, ಇವರನ್ನು ಯಾವ ಕಾಲಂನಲ್ಲಿ ಬರೆಯಲಿ?” ಎಂದು ಕೇಳಿದರು.

ಉತ್ತರ ಹೊಳೆಯದೆ ಎದ್ದು ಬಂದೆ. ಮತ್ತೆ ನಾಲ್ಕು ಸಲ ಹೋದೆ, ಪ್ರತಿ ಸಲವೂ ಇನ್ನೊಂದು ಕಾಗದ ಬೇಕೆಂದರು. ತಾಯಿ 2004ರಲ್ಲಿ ಹೋದರು. ಆ ಹಣ ಈಗ ನನಗೆ ಬೇಡ. ಆದರೆ ಆ ಪ್ರಶ್ನೆ ಇಪ್ಪತ್ತು ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ. ಅದನ್ನು ತಮ್ಮ ಮುಂದಿಡುತ್ತಿದ್ದೇನೆ.

ಅಪ್ಪ ಸೈನ್ಯ ಸೇರಿದ್ದು ಮಳೆ ಕೈಕೊಟ್ಟ ವರ್ಷ. ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಎತ್ತುಗಳನ್ನು ಮಾರಿ ಮದುವೆ ಮಾಡಿದ್ದರು, ಸಾಲವಿತ್ತು, ಬೆಂಗಳೂರಿನಲ್ಲಿ ಮಹಾರಾಜರ ಪಲ್ಟನ್ನಿಗೆ ಆಳು ತೆಗೆದುಕೊಳ್ಳುತ್ತಾರೆಂಬ ಸುದ್ದಿ ಬಂತು. ನಡೆದುಕೊಂಡೇ ಶಿರಾಕ್ಕೆ ಹೋಗಿ ಅಲ್ಲಿಂದ ಬಸ್ಸು ಹತ್ತಿದರು. ಯುದ್ಧ ಶುರುವಾಗಿತ್ತು, ಆದರೆ ಅದು ಯುರೋಪಿನಲ್ಲಿತ್ತು. ಸಂಸ್ಥಾನದ ಪಡೆಗೆ ದೇಶದೊಳಗೇ ಕಾವಲು ಕೆಲಸ ಎಂದು ಊರಿನಲ್ಲಿ ಎಲ್ಲರೂ ತಿಳಿದಿದ್ದರು. ಹಡಗು ಹತ್ತಿಸಿದಾಗಲೇ ಅವರಿಗೆ ಗೊತ್ತಾದದ್ದು, ಹೋಗುತ್ತಿರುವುದು ಮಲಯಕ್ಕೆ, ಅಂದರೆ ಇಂದಿನ ಮಲೇಷ್ಯಾದ ಕಡೆಗೆ ಎಂದು. ಶಿರಾ ಕೆರೆಗಿಂತ ದೊಡ್ಡ ನೀರನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ.

ಮೈಸೂರು ಮಾತ್ರವಲ್ಲ, ಹೈದರಾಬಾದ್, ಬಹಾವಲ್ಪುರ, ಜೀಂದ್, ಕಪೂರ್ತಲ ಸಂಸ್ಥಾನಗಳ ಪದಾತಿ ದಳಗಳೂ ಮಲಯದಲ್ಲಿದ್ದವು. ಇವರಿಗೆ ಹೆಚ್ಚಾಗಿ ವಿಮಾನ ನಿಲ್ದಾಣಗಳ ಕಾವಲಿನ ಕೆಲಸ. 1941ರ ಡಿಸೆಂಬರ್ 8ರಂದು ಜಪಾನೀ ಸೈನ್ಯ ಕೋಟ ಬಾರುವಿನಲ್ಲಿ ಇಳಿಯಿತು. ಎರಡು ತಿಂಗಳಲ್ಲಿ ಇಡೀ ಮಲಯವನ್ನು ದಾಟಿ, 1942ರ ಫೆಬ್ರವರಿ 8ರ ರಾತ್ರಿ ಸಿಂಗಪುರ ದ್ವೀಪಕ್ಕೆ ಕಾಲಿಟ್ಟಿತು. ಆ ಕೊನೆಯ ವಾರದ ಬಗ್ಗೆ ಅಪ್ಪ ಹೇಳುತ್ತಿದ್ದದ್ದು ಎರಡೇ ಸಂಗತಿ. ಎಣ್ಣೆಯ ತೊಟ್ಟಿಗಳು ಹೊತ್ತಿ ಉರಿದು ಮಳೆಯ ಜೊತೆಗೆ ಮಸಿ ಬೀಳುತ್ತಿತ್ತು, ದೊರೆಯೂ ಸಿಪಾಯಿಯೂ ಒಂದೇ ಬಣ್ಣವಾಗಿದ್ದರು ಎಂಬುದು ಒಂದು. ನಲ್ಲಿಯಲ್ಲಿ ನೀರು ನಿಂತುಹೋಯಿತು ಎಂಬುದು ಇನ್ನೊಂದು.

ಫೆಬ್ರವರಿ 15ರ ಸಂಜೆ ಬುಕಿಟ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಬ್ರಿಟಿಷರ ಜನರಲ್ ಪರ್ಸಿವಲ್ ಅವರು ಜಪಾನಿನ ಜನರಲ್ ಯಮಶಿತ ಅವರ ಎದುರು ಶರಣಾಗತಿಗೆ ಸಹಿ ಹಾಕಿದರು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ “ಕೈ ಎತ್ತಿ ಬಂದವರು” ಎಂಬ ಮಾತನ್ನು ನಮ್ಮ ಮನೆಯವರು ಕೇಳಿದ್ದೇವೆ. ಕೈ ಎತ್ತಿದ್ದು ಸಿಪಾಯಿಯಲ್ಲ. ಬಂದೂಕು ಕೆಳಗಿಡು ಎಂಬ ಹುಕುಂ ಮೇಲಿನಿಂದ ಬಂತು, ಇಟ್ಟರು. ಹುಕುಂ ಬಂದಿದ್ದರೆ ಅಲ್ಲಿಯೇ ಸಾಯುತ್ತಿದ್ದರು. ಎರಡರಲ್ಲಿ ಯಾವುದನ್ನೂ ಆರಿಸುವ ಹಕ್ಕು ತಿಂಗಳ ಸಂಬಳದ ಆಳಿಗೆ ಇರಲಿಲ್ಲ.

ಎರಡು ದಿನಗಳ ನಂತರ, ಫೆಬ್ರವರಿ 17ರಂದು, ಬಿಳಿಯ ಸೈನಿಕರನ್ನು ಚಾಂಗಿಯ ಸೆರೆಶಿಬಿರಕ್ಕೆ ಕಳುಹಿಸಿ, ಸುಮಾರು 45,000 ಭಾರತೀಯ ಸೈನಿಕರನ್ನು ಫೆರರ್ ಪಾರ್ಕ್ ಎಂಬ ಮೈದಾನದಲ್ಲಿ ಸೇರಿಸಿದರು. ಬ್ರಿಟಿಷ್ ಕರ್ನಲ್ ಹಂಟ್ ಅವರು ಇವರನ್ನು ಜಪಾನಿನ ಮೇಜರ್ ಫುಜಿವಾರ ಅವರಿಗೆ ಒಪ್ಪಿಸಿದರು. ಫುಜಿವಾರ ಅವರ ಜಪಾನೀ ಭಾಷಣ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಹಿಂದೂಸ್ತಾನಿಗೆ ತಿರುಗಿತು. ಆಮೇಲೆ ಕ್ಯಾಪ್ಟನ್ ಮೋಹನ್ ಸಿಂಗ್ ಅವರು ಮಾತನಾಡಿ, ಭಾರತದ ಸ್ವಾತಂತ್ರ್ಯಕ್ಕಾಗಿ ಹೊಸ ಸೈನ್ಯ ಕಟ್ಟೋಣ ಬನ್ನಿ ಎಂದು ಕರೆದರು. ಮುಂದೆ ನೇತಾಜಿಯವರು ಮುನ್ನಡೆಸಿದ ಆಜಾದ್ ಹಿಂದ್ ಫೌಜ್ ಇದೇ. ಅಪ್ಪನಿಗೆ ಹಿಂದೂಸ್ತಾನಿ ಅರ್ಧಂಬರ್ಧ. ಅವರಿಗೆ ಅರ್ಥವಾದದ್ದು ಮಾತಲ್ಲ, ದೃಶ್ಯ. “ದನದ ಜಾತ್ರೆಯಲ್ಲಿ ಹಗ್ಗ ಕೈ ಬದಲಾದ ಹಾಗಿತ್ತು. ನಮ್ಮನ್ನು ಯಾರೂ ಕೇಳಲಿಲ್ಲ” ಎನ್ನುತ್ತಿದ್ದರು.

ಅಪ್ಪ ಆ ಸೈನ್ಯಕ್ಕೆ ಸೇರಲಿಲ್ಲ. ಅವರ ಪಕ್ಕದಲ್ಲೇ ಮಲಗುತ್ತಿದ್ದ, ಮಧುಗಿರಿ ಕಡೆಯ ಗೆಳೆಯರೊಬ್ಬರು ಸೇರಿದರು. ಇಬ್ಬರೂ ಅದಕ್ಕಾಗಿ ಜಗಳವಾಡಲಿಲ್ಲವಂತೆ. ಗೆಳೆಯರು ದೇಶ ಎಂದರು, ಅಪ್ಪ ಮಹಾರಾಜರ ಉಪ್ಪು ಎಂದರು. ನಾನು ಕಾಲೇಜಿನಲ್ಲಿದ್ದಾಗ, ಬಿಸಿರಕ್ತದಲ್ಲಿ, ಯಾಕಪ್ಪ ನೀವು ಸೇರಲಿಲ್ಲ ಎಂದು ಕೇಳಿದ್ದೆ. “ಪ್ರಮಾಣ ಮಾಡಿಸಿಕೊಂಡವರು ಮಹಾರಾಜರು. ಬಿಡಿಸಬೇಕಾದವರೂ ಅವರೇ. ಅವರಿಂದ ಕಾಗದ ಬಂದಿರಲಿಲ್ಲ” ಎಂದರು. ಆಗ ನನಗೆ ಸಿಟ್ಟು ಬಂದಿತ್ತು. ನಾಡಿನ ಸ್ವಾತಂತ್ರ್ಯಕ್ಕಾಗಿ ಆ ಸೈನ್ಯ ಸೇರಿ ಇಂಫಾಲದ ದಾರಿಯಲ್ಲಿ ಪ್ರಾಣ ಬಿಟ್ಟವರಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ. ಆದರೆ ಕೊಟ್ಟ ಮಾತನ್ನು ಹಸಿವಿನಲ್ಲಿ, ಹೊಡೆತದ ಭಯದಲ್ಲಿ ಉಳಿಸಿಕೊಂಡವನೂ ಸಣ್ಣವನಲ್ಲ ಎಂದು ವಯಸ್ಸಾದ ಮೇಲೆ ತಿಳಿಯಿತು.

ಸೇರದವರನ್ನು ಬೇರ್ಪಡಿಸಿದರು. ಬಿಡದಾರಿ, ನೀಸೂನ್, ಸೆಲೆಟಾರ್, ಕ್ರಾಂಜಿ ಎಂದು ದ್ವೀಪದ ಉದ್ದಕ್ಕೂ ಶಿಬಿರಗಳಿದ್ದವು. ಬಿಡದಾರಿ ಎಂಬ ಹೆಸರನ್ನು ಅಪ್ಪ ಕನ್ನಡದ ಮಾತೆಂದೇ ತಿಳಿದಿದ್ದರು, ಬಿಡದ ದಾರಿ ಎಂದು. ಹಡಗುಕಟ್ಟೆಯಲ್ಲಿ ಮೂಟೆ ಹೊರುವುದು, ಬಾಂಬು ಬಿದ್ದ ಕಡೆ ಮಣ್ಣು ತುಂಬುವುದು ಅಲ್ಲಿನ ಕೆಲಸ. 1943ರಲ್ಲಿ ಹಡಗಿನ ಅಡಿಯ ಕೋಣೆಗೆ ತುಂಬಿ ಕಳುಹಿಸಿದರು. ಎಷ್ಟು ದಿನ ಪಯಣವಾಯಿತೆಂದು ಅವರಿಗೆ ಲೆಕ್ಕವಿರಲಿಲ್ಲ. ಬೆಳಕು ಕಾಣದೆ ದಿನ ಎಣಿಸುವುದು ಹೇಗೆ?

ಇಳಿದ ಊರಿನ ಹೆಸರನ್ನು ಅಪ್ಪ “ರಬಾಲು” ಎನ್ನುತ್ತಿದ್ದರು. ಮನೆಯಲ್ಲಿ ಯಾರಿಗೂ ಅದು ಎಲ್ಲಿದೆ ಎಂದು ತಿಳಿಯದು. ನಾನು ಕೆಲಸಕ್ಕೆ ಸೇರಿದ ಮೇಲೆ ಶಾಲೆಯ ಹಳೆಯ ಅಟ್ಲಾಸಿನಲ್ಲಿ ಹುಡುಕಿದೆ. ರಬೌಲ್. ನ್ಯೂಗಿನಿಯ ಪೂರ್ವಕ್ಕೆ, ನ್ಯೂ ಬ್ರಿಟನ್ ಎಂಬ ದ್ವೀಪದ ತುದಿಯಲ್ಲಿ, ಇಂದು ಪಾಪುವಾ ನ್ಯೂಗಿನಿ ದೇಶಕ್ಕೆ ಸೇರಿದ ಒಂದು ಬಂದರು. ಅಟ್ಲಾಸನ್ನು ಮನೆಗೆ ತಂದು ತೋರಿಸಿದೆ. ಅಪ್ಪ ಬೆರಳನ್ನು ಸಿಂಗಪುರದ ಮೇಲಿಟ್ಟು, ನಿಧಾನವಾಗಿ ನೀಲಿಯ ಮೇಲೆ ಜರುಗಿಸುತ್ತ ಹೋಗಿ ಅಲ್ಲಿ ನಿಲ್ಲಿಸಿದರು. “ಇಷ್ಟು ದೂರವೆಂದು ಆಗ ಗೊತ್ತಾಗಲಿಲ್ಲ” ಎಂದರು. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಮತ್ತೆ ಎಂದೂ ಕೇಳಲಿಲ್ಲ.

ರಬೌಲ್ ಆ ಯುದ್ಧದಲ್ಲಿ ದಕ್ಷಿಣ ಪೆಸಿಫಿಕ್‌ನ ಜಪಾನೀ ನೆಲೆಗಳಲ್ಲೆಲ್ಲ ದೊಡ್ಡದು. ಮಿತ್ರರಾಷ್ಟ್ರಗಳು ಅದನ್ನು ವಶಪಡಿಸಿಕೊಳ್ಳುವ ಬದಲು ಸುತ್ತುವರಿದು, ಮೇಲಿನಿಂದ ಬಾಂಬು ಸುರಿಯುತ್ತ ಬಿಟ್ಟುಬಿಟ್ಟವು. ಅದಕ್ಕೇ ಜಪಾನೀಯರು ನೆಲದೊಳಕ್ಕೆ ಇಳಿದರು, ಬೆಟ್ಟಗಳ ಹೊಟ್ಟೆ ಕೊರೆದು ಸುರಂಗ ಮಾಡಿಕೊಂಡರು. ಕೊರೆದದ್ದು ಕೈದಿಗಳು. ಸುತ್ತ ಜ್ವಾಲಾಮುಖಿಗಳು, ಗಂಧಕದ ವಾಸನೆ. ಹಡಗುಗಳು ಬರುವುದು ನಿಂತ ಮೇಲೆ ಅನ್ನ ನಿಂತಿತು. ಕಾಡು ಕಡಿದು ಗೆಣಸು ಬೆಳೆಯುವ ಕೆಲಸಕ್ಕೆ ಕೈದಿಗಳನ್ನು ಹಚ್ಚಿದರು. ಮಲೇರಿಯಾ, ಆಮಶಂಕೆ, ಕಾಲು ಊದಿಸುವ ಬೆರಿಬೆರಿ. ಬಾಂಬು ಹಾಕುತ್ತಿದ್ದವರು ತಮ್ಮದೇ ಪಕ್ಷದವರು, ಸಾಯುತ್ತಿದ್ದವರಲ್ಲಿ ಇವರೂ ಇದ್ದರು.

ನಮ್ಮ ಮನೆಯಲ್ಲಿ ಸಂಕ್ರಾಂತಿಯ ದಿನ ಅವ್ವ ಅವರೆಕಾಯಿ, ಕಡಲೆಕಾಯಿಯ ಜೊತೆ ಗೆಣಸು ಬೇಯಲು ಇಟ್ಟರೆ ಅಪ್ಪ ಹೆಗಲಿಗೆ ಟವೆಲ್ ಹಾಕಿ ಹೊಲದ ಕಡೆ ಹೊರಟುಬಿಡುತ್ತಿದ್ದರು. ಕತ್ತಲಾದ ಮೇಲೆ ಬರುತ್ತಿದ್ದರು. ಹಬ್ಬದ ದಿನವೂ ಮನೆಯಲ್ಲಿರದ ಅಪ್ಪನ ಮೇಲೆ ನಮಗೆ ಮುನಿಸು. ಬಹಳ ವರ್ಷಗಳ ಮೇಲೆ ಒಮ್ಮೆ ಹೇಳಿದರು: ಆ ದ್ವೀಪದಲ್ಲಿ ಗೆಣಸು, ಗೆಣಸಿನ ಸೊಪ್ಪು, ಮತ್ತೆ ಗೆಣಸು. ಒಬ್ಬ ಸತ್ತರೆ ಅವನ ಪಾಲಿನ ಗೆಣಸನ್ನು ಉಳಿದವರು ಹಂಚಿಕೊಳ್ಳುತ್ತಿದ್ದರು. “ಅಳುತ್ತಲೇ ತಿನ್ನುತ್ತಿದ್ದೆವು, ಆದರೆ ಬಿಡುತ್ತಿರಲಿಲ್ಲ” ಎಂದರು. ಮುಂದಿನ ಸಂಕ್ರಾಂತಿಗೆ ಅವ್ವ ಗೆಣಸು ತರಲಿಲ್ಲ. ಅಪ್ಪ ಇರುವವರೆಗೂ ತರಲಿಲ್ಲ.

ಇತ್ತ ಊರಿನಲ್ಲಿ ನಡೆದದ್ದನ್ನು ಅವ್ವನ ಬಾಯಿಂದ ಕೇಳಿದ್ದೇನೆ. 1942ರಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ತಂತಿ ಬಂತು. ಅವ್ವನಿಗೆ ಆಗ ಹದಿನಾರು. ವರ್ಷ ಕಳೆಯಿತು. ನೆಂಟರು ಬಂದು, ಹುಡುಗಿಯ ಕುಂಕುಮ ಅಳಿಸಿ ಕಾರ್ಯ ಮಾಡಿ ಮುಗಿಸಿ ಎಂದರು. ನಮ್ಮ ಅಜ್ಜಿ, ಮಗನ ಹೆಣ ತೋರಿಸಿದ ದಿನ ಅಳಿಸುತ್ತೇನೆ ಎಂದು ಬಾಗಿಲಿಗೆ ಅಡ್ಡ ನಿಂತರಂತೆ. ಆಮೇಲೆ ಒಂದು ಕಾರ್ಡು ಬಂತು. ಆ ಕಾರ್ಡು ಈಗಲೂ ನನ್ನ ಬಳಿ ಇದೆ. ಜಪಾನೀ ಸೈನ್ಯ ಅಚ್ಚು ಹಾಕಿಸಿದ್ದು. ನನ್ನ ಆರೋಗ್ಯ ಉತ್ತಮವಾಗಿದೆ, ಸಂಬಳಕ್ಕೆ ಕೆಲಸ ಮಾಡುತ್ತಿದ್ದೇನೆ ಎಂಬ ಸಾಲುಗಳು ಇಂಗ್ಲಿಷಿನಲ್ಲಿ ಮೊದಲೇ ಅಚ್ಚಾಗಿವೆ. ಕೆಳಗೆ ಅಪ್ಪನ ಕನ್ನಡದ ರುಜು. ಇಂಗ್ಲಿಷ್ ಬಾರದ ಅಪ್ಪನಿಗೆ ಅಲ್ಲಿ ಏನು ಬರೆದಿದೆ ಎಂದು ಯಾರೂ ಓದಿ ಹೇಳಿರಲಿಲ್ಲ. ಅಂಚೆಯವರು ಕನ್ನಡದಲ್ಲಿ ಓದಿದಾಗ ಅಜ್ಜಿ, ಇದು ನನ್ನ ಮಗನ ಮಾತಲ್ಲ, ಆದರೆ ರುಜು ಅವನದೇ ಎಂದರಂತೆ. ಆ ರುಜುವಿನ ಮೇಲೆ ಎರಡು ವರ್ಷ ಆ ಮನೆ ನಿಂತಿತ್ತು.

1945ರ ಸೆಪ್ಟೆಂಬರ್ 6ರಂದು ರಬೌಲಿನ ಜಪಾನೀ ಸೈನ್ಯ ಶರಣಾಯಿತು. ನಾಲ್ಕು ದಿನಗಳ ನಂತರ ಆಸ್ಟ್ರೇಲಿಯಾದವರು ಬಂದಿಳಿದರು. ಟೋಪಿಯ ಒಂದು ಅಂಚನ್ನು ಮೇಲಕ್ಕೆ ಮಡಚಿದವರು ಎಂದು ಅಪ್ಪ ಅವರನ್ನು ನೆನೆಯುತ್ತಿದ್ದರು. ಸಾವಿರಾರು ಭಾರತೀಯ ಕೈದಿಗಳು ಅಲ್ಲಿ ಬಿಡುಗಡೆಯಾದರು. ನ್ಯೂಗಿನಿಯ ಉತ್ತರ ತೀರದ ವೆವಾಕ್‌ಗೆ ಹೋದವರ ಗತಿ ಇನ್ನೂ ಘೋರ. ಅಲ್ಲಿಗೆ ಕಳುಹಿಸಿದ್ದ ಸುಮಾರು 3,000 ಭಾರತೀಯರಲ್ಲಿ ಉಳಿದದ್ದು 200ರ ಆಸುಪಾಸು. ಅವರಲ್ಲಿ ಒಬ್ಬರಾದ ಜಮಾದಾರ್ ಚಿಂತ್ ಸಿಂಗ್ ಅವರು ಯುದ್ಧಾಪರಾಧದ ವಿಚಾರಣೆಯಲ್ಲಿ ಸಾಕ್ಷಿ ನುಡಿದರು. ಹಾಗಾಗಿ ಅವರ ಜೊತೆಗಾರರ ಕಥೆ ಅಷ್ಟಾದರೂ ಜಗತ್ತಿಗೆ ಗೊತ್ತಾಯಿತು.

ಆ ವಿಚಾರಣೆಗಳಲ್ಲಿ ಆರೋಪಿಗಳ ಪರವಾಗಿ ಬಂದ ಒಂದು ವಾದವನ್ನು ತಾವು ಗಮನಿಸಬೇಕು. ಈ ಭಾರತೀಯರು ಯುದ್ಧಕೈದಿಗಳೇ ಅಲ್ಲ, ನಮ್ಮ ಸೈನ್ಯದ ಸಹಾಯಕ ಕೆಲಸಗಾರರು ಎಂದು ಜಪಾನೀ ಅಧಿಕಾರಿಗಳು ಹೇಳಿದರು. ಯುದ್ಧಕೈದಿಗಳ ಬಗೆಗಿನ 1929ರ ಜಿನೀವಾ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿತ್ತು, ಅನುಮೋದಿಸಿರಲಿಲ್ಲ. ಕೈದಿ ಎಂದು ಒಪ್ಪಿದರೆ ಅನ್ನ, ಔಷಧಿ, ಮರ್ಯಾದೆ ಕೊಡಬೇಕಾಗುತ್ತದೆ. ಅದಕ್ಕೇ ಆ ಹೆಸರನ್ನೇ ಕಿತ್ತುಕೊಂಡರು. ಅಂದು ಶತ್ರು ಕಿತ್ತುಕೊಂಡ ಹೆಸರನ್ನು ಸ್ವತಂತ್ರ ಭಾರತದ ಒಂದು ಕಚೇರಿಯ ಅರ್ಜಿಯೂ ಕೊಡಲಾರದೆ ಹೋಯಿತು. ನನ್ನ ನೋವು ಇರುವುದು ಇಲ್ಲಿ.

ಬಿಡುಗಡೆಯಾದ ಮೇಲೂ ಅಪ್ಪ ನೇರವಾಗಿ ಮನೆಗೆ ಬರಲಿಲ್ಲ. ಶಿಬಿರದಲ್ಲಿಟ್ಟು ತನಿಖೆ ಮಾಡಿದರು: ನೀನು ಸೇರಿದ್ದೆಯೋ, ಯಾರು ಸೇರಿದರು, ಹೆಸರು ಹೇಳು. ಬ್ರಿಟಿಷರು ಹಿಂದಿರುಗಿದವರನ್ನು ತಮಗಿದ್ದ ನಿಷ್ಠೆಯ ಲೆಕ್ಕದಲ್ಲಿ ಬಿಳಿ, ಬೂದು, ಕಪ್ಪು ಎಂದು ವಿಂಗಡಿಸುತ್ತಿದ್ದರು. ಮಧುಗಿರಿಯ ಗೆಳೆಯನ ಹೆಸರನ್ನು ಅಪ್ಪ ಹೇಳಲಿಲ್ಲ. ಆ ಗೆಳೆಯರು ಹಿಂದಿರುಗಲಿಲ್ಲ ಎಂಬುದು ಅವರಿಗೆ ಆಮೇಲೆ ತಿಳಿಯಿತು. ಊರಿಗೆ ಬಂದಾಗ ಮದುವೆಯ ಅಂಗಿಯೊಳಗೆ ಇಬ್ಬರು ಹಿಡಿಸುವಂತಿದ್ದರು ಎಂದು ಅವ್ವ ಹೇಳುತ್ತಿದ್ದರು. ಪಿಂಚಣಿಗೆ ಬೇಕಾದಷ್ಟು ಸೇವೆಯಾಗಿರಲಿಲ್ಲ. ಒಂದು ಬಿಡುಗಡೆ ಪತ್ರ, ಒಂದು ಅಲ್ಯೂಮಿನಿಯಂ ಊಟದ ಡಬ್ಬಿ, ವರ್ಷಕ್ಕೆರಡು ಸಲ ಬರುವ ಚಳಿಜ್ವರ. ಉಳಿದ ನಲವತ್ತು ವರ್ಷ ರಾಗಿ, ಕಡಲೆಕಾಯಿ ಬೆಳೆದರು.

1972ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಕೊಡಲಾರಂಭಿಸಿತು. ಆಜಾದ್ ಹಿಂದ್ ಫೌಜಿನವರಿಗೂ ಅದು ನ್ಯಾಯವಾಗಿಯೇ ಸಿಕ್ಕಿತು. ಒಬ್ಬರು ಮನೆಗೆ ಬಂದು, ಸಿಂಗಪುರದಲ್ಲಿ ಸೆರೆಯಾಗಿದ್ದಿರಲ್ಲ, ಫೌಜಿನಲ್ಲಿದ್ದೆ ಎಂದು ಒಂದು ಸಾಲು ಬರೆದುಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದರು. ಆ ವರ್ಷ ನಮ್ಮಲ್ಲಿ ಬರ. ಕಣಜದಲ್ಲಿ ಏನೂ ಇರಲಿಲ್ಲ. ಅಪ್ಪ ಅವರಿಗೆ ಮಜ್ಜಿಗೆ ಕೊಡಿಸಿ, “ಆ ಹುಡುಗರು ಅದಕ್ಕಾಗಿ ಸತ್ತರು. ಅವರ ಹೆಸರಿನ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ” ಎಂದು ಕಳುಹಿಸಿದರು. ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ.

ಮಾನ್ಯರೇ, ಪರಿಹಾರ ಕೇಳಲು ನಾನು ಬಂದಿಲ್ಲ. 1952ರ ಜೂನ್ 9ರಂದು ಭಾರತ ಜಪಾನಿನೊಡನೆ ಮಾಡಿಕೊಂಡ ಶಾಂತಿ ಒಪ್ಪಂದದಲ್ಲಿ ಯುದ್ಧ ಪರಿಹಾರದ ಹಕ್ಕನ್ನು ತಾನಾಗಿ ಬಿಟ್ಟುಕೊಟ್ಟಿತು. ಅದು ಉದಾರವಾದ ನಿರ್ಧಾರ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ದೇಶ ಬಿಟ್ಟುಕೊಟ್ಟದ್ದು ಹಣವನ್ನು, ಹೆಸರುಗಳನ್ನಲ್ಲ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದ ನಮ್ಮ ಸವಾರರನ್ನು ಪ್ರತಿವರ್ಷ ನೆನೆಯುತ್ತೇವೆ. ದೆಹಲಿಯ ತೀನ್ ಮೂರ್ತಿ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದ್ದಾರೆ. ಆ ಗೌರವದಲ್ಲಿ ಗುಲಗಂಜಿಯಷ್ಟೂ ಕಡಿಮೆಯಾಗಬಾರದು. ಆದರೆ ಅದೇ ಮಹಾರಾಜರ ಮನೆತನದ, ಅದೇ ಗಂಡಭೇರುಂಡದ ಲಾಂಛನದ ಅಡಿಯಲ್ಲಿ ಹೋದ ಪದಾತಿ ದಳ ಇಪ್ಪತ್ತನಾಲ್ಕು ವರ್ಷಗಳ ನಂತರ ಸಿಂಗಪುರದಲ್ಲಿ ಸೆರೆಸಿಕ್ಕಿತು. ಅವರಿಗಾಗಿ ಈ ನಾಡಿನಲ್ಲಿ ನಿಂತ ಒಂದು ಕಲ್ಲನ್ನೂ ನಾನು ಕಂಡಿಲ್ಲ. ಗೆದ್ದವರಿಗೆ ಸ್ತಂಭ, ಸೆರೆಯಾದವರಿಗೆ ಮೌನ ಎಂದರೆ, ಸೈನಿಕನ ಕರ್ತವ್ಯವನ್ನು ಅವನ ಕೈಯಲ್ಲಿಲ್ಲದ ಫಲಿತಾಂಶದಿಂದ ಅಳೆದಂತಾಗುತ್ತದೆ.

ಸೆರೆ ಎಂದರೇನೆಂದು ಈ ನಾಡಿಗೆ ಗೊತ್ತಿಲ್ಲದೆ ಇಲ್ಲ. 1965ರ ಯುದ್ಧದಲ್ಲಿ ಕೊಡಗಿನ ಜನರಲ್ ಕಾರ್ಯಪ್ಪನವರ ಮಗ ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಆಯೂಬ್ ಖಾನ್ ಅವರು ಹಳೆಯ ಪರಿಚಯದಿಂದ ಸಹಾಯ ಮಾಡಲು ಮುಂದೆ ಬಂದಾಗ ಕಾರ್ಯಪ್ಪನವರು, ಅಲ್ಲಿರುವ ಎಲ್ಲ ಕೈದಿಗಳೂ ನನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಬೇಡ ಎಂಬ ಅರ್ಥದ ಉತ್ತರ ಕೊಟ್ಟರು. ಈ ಕಥೆಯನ್ನು ನಾನು ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. ಹೇಳುವಾಗಲೆಲ್ಲ ರಬೌಲಿನ ಕೈದಿಗಳು ಯಾರ ಮಕ್ಕಳು ಎಂಬ ಪ್ರಶ್ನೆ ಗಂಟಲಿಗೆ ಬಂದು ನಿಲ್ಲುತ್ತಿತ್ತು.

ಈಗ ನನ್ನ ಕೋರಿಕೆಗಳು. ಮೊದಲನೆಯದೇ ಮುಖ್ಯ, ಉಳಿದವು ಅದರ ಹಿಂದೆ ಬರುತ್ತವೆ. ಒಂದನೇ ಮೈಸೂರು ಪದಾತಿ ದಳದಿಂದ ಮಲಯಕ್ಕೆ ಹೋದ ಪ್ರತಿಯೊಬ್ಬ ಸಿಪಾಯಿ, ಹವಾಲ್ದಾರ, ಜಮಾದಾರ, ಅಡುಗೆಯವನು, ನೀರು ಹೊರುವವನು, ಎಲ್ಲರ ಹೆಸರು, ಊರು ಇರುವ ಒಂದು ಪಟ್ಟಿಯನ್ನು ಕರ್ನಾಟಕ ಸರ್ಕಾರ ತಯಾರಿಸಿ ಕನ್ನಡದಲ್ಲಿ ಪ್ರಕಟಿಸಬೇಕು. ಇದು ಅಸಾಧ್ಯವಾದದ್ದಲ್ಲ. ಸಂಸ್ಥಾನದ ಮಿಲಿಟರಿ ಇಲಾಖೆಯ ಕಡತಗಳನ್ನು ಹುಡುಕುವ ಕೆಲಸವನ್ನು ರಾಜ್ಯ ಪತ್ರಾಗಾರ ಇಲಾಖೆಗೆ ವಹಿಸಬಹುದು. ಸ್ವಾತಂತ್ರ್ಯದ ನಂತರ ಸಂಸ್ಥಾನದ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನವಾದಾಗ ಮೈಸೂರು ಪದಾತಿ ದಳ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು, ಅವರನ್ನೂ ಕೇಳಬಹುದು. ಸತ್ತವರ ಹೆಸರುಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಗಳಲ್ಲಿವೆ. ಸಿಂಗಪುರದ ಕ್ರಾಂಜಿಯಲ್ಲಿರುವ ಸ್ಮಾರಕದ ಗೋಡೆಗಳ ಮೇಲೆ 24,000ಕ್ಕೂ ಹೆಚ್ಚು ಹೆಸರುಗಳಿವೆ. ದಹನವಾದ ಭಾರತೀಯ ಸೈನಿಕರಿಗಾಗಿಯೇ ಅಲ್ಲಿ ಪ್ರತ್ಯೇಕ ಸ್ಮಾರಕವಿದೆ. ರಬೌಲಿನ ಬಳಿಯ ಬಿಟಾ ಪಾಕಾದಲ್ಲಿ, ನ್ಯೂಗಿನಿಯ ಲೇ ಎಂಬ ಪಟ್ಟಣದಲ್ಲಿ ಭಾರತೀಯ ಕೈದಿಗಳ ಸಮಾಧಿಗಳಿವೆ. ಆ ದಾಖಲೆಗಳನ್ನು ನನ್ನ ಮೊಮ್ಮಗಳು ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದಳು. ನಮ್ಮ ಊರುಗಳ ಹೆಸರನ್ನು ಯಾವನೋ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಗಟ್ಟಿಯಾಗಿ ಓದಿದರೆ ನಮಗೆ ಮಾತ್ರ ಅದು ಯಾವ ಊರೆಂದು ಗೊತ್ತಾಗುತ್ತದೆ. ಆ ಕೆಲಸವನ್ನು ಕನ್ನಡಿಗರೇ ಮಾಡಬೇಕು.

ರಬೌಲಿನಲ್ಲಿ ಆಸ್ಟ್ರೇಲಿಯಾದ ಸೇನಾ ನ್ಯಾಯಾಲಯಗಳು ನಡೆಸಿದ 188 ವಿಚಾರಣೆಗಳ ಕಡತಗಳು ಆ ದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಭಾರತೀಯ ಕೈದಿಗಳನ್ನು ಹಿಂಸಿಸಿದ, ಕೊಂದ ಪ್ರಕರಣಗಳು ಅವುಗಳಲ್ಲಿ ಎಷ್ಟೋ ಇವೆ. ಅವುಗಳ ಪ್ರತಿ ತರಿಸಲು ಸರ್ಕಾರ ಒಂದು ಪತ್ರ ಬರೆದರೆ ಸಾಕು. ನನ್ನಂಥ ಒಬ್ಬ ನಿವೃತ್ತ ಮೇಷ್ಟ್ರು ಬರೆದ ಪತ್ರಕ್ಕೂ ಮುಖ್ಯಮಂತ್ರಿಗಳು ಬರೆದ ಪತ್ರಕ್ಕೂ ಇರುವ ತೂಕದ ವ್ಯತ್ಯಾಸ ತಮಗೆ ಗೊತ್ತೇ ಇದೆ.

ಪಟ್ಟಿ ಸಿದ್ಧವಾದ ಮೇಲೆ ಆಯಾ ಹೆಸರನ್ನು ಆಯಾ ಗ್ರಾಮ ಪಂಚಾಯಿತಿಗೆ ಕಳುಹಿಸಿಕೊಡಿ. ಶಾಲೆಯ ಗೋಡೆಯ ಮೇಲೆ ಬರೆಯಿಸಲಿ. ಬೆಂಗಳೂರಿನಲ್ಲಿ ಒಂದು ಕಲ್ಲು ನಿಲ್ಲಿಸುವುದಾದರೆ ಬಹಳ ಸಂತೋಷ. ಅದರ ಮೇಲೆ ಆಜಾದ್ ಹಿಂದ್ ಫೌಜ್ ಸೇರಿದವರು, ಸೇರದವರು ಎಂದು ಎರಡು ಭಾಗ ಮಾಡಬೇಡಿ ಎಂಬುದೊಂದು ವಿನಂತಿ. ಫೆರರ್ ಪಾರ್ಕಿನಲ್ಲಿ ಒಂದೇ ಸಾಲಿನಲ್ಲಿ ಕೂತಿದ್ದವರು ಅವರು. ಮಧುಗಿರಿಯ ಆ ಗೆಳೆಯರ ಹೆಸರೂ ಅಪ್ಪನ ಹೆಸರೂ ಅಕ್ಕಪಕ್ಕ ಇರಲಿ.

ಎರಡನೇ ಮಹಾಯುದ್ಧದ ಸೈನಿಕರ ಪತ್ನಿಯರು ಇಂದು ಬೆರಳೆಣಿಕೆಯಷ್ಟು ಉಳಿದಿರಬಹುದು. ಅವರಲ್ಲಿ ಸಂಸ್ಥಾನದ ಸೈನಿಕರ ಮನೆಯವರು ಯಾರಾದರೂ ಇದ್ದರೆ ಕಾಗದ ತರಿಸದೆ, ಅಲೆಸದೆ, ಅಧಿಕಾರಿಯೇ ಅವರ ಮನೆಗೆ ಹೋಗುವಂತೆ ಆದೇಶ ಮಾಡಿ. ತೊಂಬತ್ತೈದು ದಾಟಿದ ಮುದುಕಿ ಕಚೇರಿಯ ಮೆಟ್ಟಿಲು ಹತ್ತಲಾರಳು. ಮತ್ತು ಆ ಅರ್ಜಿಯಲ್ಲಿ ಇನ್ನೊಂದು ಕಾಲಂ ಸೇರಿಸಿ: ಯುದ್ಧಕೈದಿ, ಎಲ್ಲಿ, ಎಷ್ಟು ಕಾಲ.

ರಾಷ್ಟ್ರಪತಿಗಳಾಗಿದ್ದ ಪ್ರಣಬ್ ಮುಖರ್ಜಿಯವರು 2016ರ ಏಪ್ರಿಲ್‌ನಲ್ಲಿ ಪಾಪುವಾ ನ್ಯೂಗಿನಿಗೆ ಹೋದಾಗ ಪೋರ್ಟ್ ಮೋರ್ಸ್‌ಬಿಯ ಬೊಮಾನಾ ಯುದ್ಧ ಸಮಾಧಿಗೆ ಭೇಟಿ ಕೊಟ್ಟು ನಮನ ಸಲ್ಲಿಸಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಆ ಪುಟವನ್ನು ಕತ್ತರಿಸಿ ಅಪ್ಪನ ಬಿಡುಗಡೆ ಪತ್ರದ ಜೊತೆ ಇಟ್ಟುಕೊಂಡಿದ್ದೇನೆ. ದೇಶದ ಪ್ರಥಮ ಪ್ರಜೆ ಅಷ್ಟು ದೂರ ಹೋಗಿ ತಲೆಬಾಗಿದ ಮೇಲೆ, ಆ ಸೈನಿಕರು ಹುಟ್ಟಿದ ರಾಜ್ಯ ತನ್ನ ಊರುಗಳಿಗೆ ಆ ಹೆಸರುಗಳನ್ನು ತಲುಪಿಸುವುದು ದೊಡ್ಡ ಮಾತಲ್ಲ ಎಂದು ನಂಬಿದ್ದೇನೆ.

ಈ ಪತ್ರದೊಂದಿಗೆ ಅಪ್ಪನ ಬಿಡುಗಡೆ ಪತ್ರದ ನಕಲು ಮತ್ತು ಆ ಅಚ್ಚಿನ ಕಾರ್ಡಿನ ನಕಲನ್ನು ಲಗತ್ತಿಸಿದ್ದೇನೆ. ಕಾರ್ಡಿನ ಕೆಳಗಿನ ರುಜು ಮಾಸಿದೆ, ಬೆಳಕಿಗೆ ಹಿಡಿದರೆ ಓದಬಹುದು. ಮೂಲ ನನ್ನ ಬಳಿಯೇ ಇದೆ. ಪಟ್ಟಿ ಮಾಡುವವರು ಕೇಳಿದ ದಿನ ನಾನೇ ಬಸ್ಸು ಹತ್ತಿ ತಂದು ತೋರಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಂದನೇ ಮೈಸೂರು ಪದಾತಿ ದಳದ ಸಿಪಾಯಿಯೊಬ್ಬರ ಮಗ,
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ.